ಒಂದಲ್ಲ, ಎರಡೂ ಇರಬಹುದು

ಚೆನ್ನೈನ ಕನ್ನಡ ಮನೆಯೊಂದರ ಮೂರು ವರ್ಷದ ಮಗು ಎಂದುಕೊಳ್ಳಿ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಆಟದ ಕಾರನ್ನು ಮಗುಚಿ ಹಾಕಿ ಚಕ್ರವನ್ನಷ್ಟೇ ತಿರುಗಿಸುತ್ತಿರುತ್ತದೆ, ಮರುಗಳಿಗೆ ಕಿಟಕಿ ಹತ್ತಿರುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್, ಹಾಗಾಗಿ ಇದು ಭಾಷೆಗಳ ಗೊಂದಲ, ತಾನಾಗಿ ಸರಿಹೋಗುತ್ತದೆ ಎಂಬ ಸಮಾಧಾನ ಸುಲಭವಾಗಿ ಸಿಗುತ್ತದೆ. ಆದರೆ ಹಲವು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಬರುವುದಿಲ್ಲ, ಗಮನ ನಿಲ್ಲದ ಅತಿ ಚಂಚಲತೆಯ ತೊಂದರೆಯಾದ ಎಡಿಎಚ್‌ಡಿಯೂ ಬರುವುದಿಲ್ಲ. ಬೇಕಾದದ್ದಕ್ಕೆ ಬೆರಳು ತೋರಿಸಿ ಅಮ್ಮನ ಮುಖ ನೋಡುವುದಕ್ಕೆ ಯಾವ ಭಾಷೆಯೂ ಬೇಕಿಲ್ಲ. ಅದೇ ಕಾಣದಿದ್ದರೆ ಕಾಯಬಾರದು.

ಈ ಎರಡರಲ್ಲಿ ಒಂದೇ ಇರಬೇಕೆಂಬುದು ಇನ್ನೊಂದು ತಪ್ಪು. ಅಮೆರಿಕದ ಮನೋವೈದ್ಯರ ಕೈಪಿಡಿಯೇ ಎರಡನ್ನೂ ಒಟ್ಟಿಗೆ ಗುರುತಿಸಲು ಬಿಡುತ್ತಿರಲಿಲ್ಲ. 2013ರಲ್ಲಿ ಬಂದ ಅದರ ಐದನೇ ಆವೃತ್ತಿ ಡಿಎಸ್‌ಎಂ-5 ಆ ತಡೆ ತೆಗೆಯಿತು. ಇಷ್ಟು ಚಿಕ್ಕ ಮಗುವಿಗೆ ಎರಡು ಹಣೆಪಟ್ಟಿ ಏಕೆ ಎಂದು ಕೇಳುವವರಿದ್ದಾರೆ. ಆತುರ ಬೇಡವೆಂಬುದು ನಿಜ, ಮೂರು ವರ್ಷಕ್ಕೆ ಚಂಚಲತೆ ಸಹಜ, ಎಡಿಎಚ್‌ಡಿ ಎಂದು ಆಗಲೇ ಖಚಿತವಾಗಿ ಹೇಳುವುದು ಕಷ್ಟ. ಆದರೆ ಚಂಚಲತೆಯೊಂದನ್ನೇ ನೋಡಿ ನಿಂತರೆ ಅದರ ಹಿಂದಿರುವ ಆಟಿಸಂ ತಡವಾಗಿ ಗೊತ್ತಾಗುತ್ತದೆ. ನಷ್ಟ ಸಣ್ಣದಲ್ಲ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ, ಎಡಿಎಚ್‌ಡಿಯ ಹೆಸರಿಲ್ಲ, ಹಾಗಾಗಿ ಆಟಿಸಂ ಗುರುತಾಗದಿದ್ದರೆ ಆ ಕಾಯ್ದೆಯ ಸೌಲಭ್ಯ ಕೈತಪ್ಪಬಹುದು. ತಪಾಸಣೆಗೆ ಚೆನ್ನೈ ಬಳಿಯ ಮುಟ್ಟುಕಾಡಿನಲ್ಲಿ ಬಹುವಿಧ ಅಂಗವೈಕಲ್ಯಕ್ಕೆಂದೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಂಸ್ಥೆಯಿದೆ. ಎಲ್ಲಿಗೇ ಹೋಗಿ, ಮಗು ಮನೆಯಲ್ಲಿ ಆಡುವ ವಿಡಿಯೊ ಒಯ್ಯಿರಿ. ಕನ್ನಡದಲ್ಲಿ ಮಗುವಿಗೆ ಏನೇನು ಅರ್ಥವಾಗುತ್ತದೆ ಎಂದು ತಪ್ಪದೆ ಹೇಳಿ, ಎರಡನ್ನೂ ಪರೀಕ್ಷಿಸಿ ಎಂದು ಕೇಳಿ.