ಅಂಕಿಯ ಚೌಕಕ್ಕೆ ಎಷ್ಟು ಉತ್ತರ?

ಭಾನುವಾರದ ಪತ್ರಿಕೆ ಮನೆಗೆ ಬಂದೊಡನೆ ಅಪ್ಪನಿಗೆ ಮೊದಲ ಪುಟ, ಅಮ್ಮನಿಗೆ ಪುರವಣಿ, ಮಕ್ಕಳಿಗೆ ಸುಡೊಕು. ಸುಲಭದ್ದಾದರೆ ಕಾಫಿ ಆರುವುದರೊಳಗೆ ಮುಗಿಯುತ್ತದೆ. ‘ಅತಿ ಕಠಿಣ’ ಎಂದು ಹಣೆಯ ಮೇಲೆ ಬರೆದುಕೊಂಡು ಬಂದಿದ್ದರೆ ಮಾತ್ರ ಮಧ್ಯಾಹ್ನದ ಊಟವಾದರೂ ಬಿಡಿಸಿ ಆಗಿರುವುದಿಲ್ಲ. ರಬ್ಬರಿನಲ್ಲಿ ಉಜ್ಜಿ ಉಜ್ಜಿ ಕಾಗದ ತೂತು ಬೀಳುವ ಹಂತಕ್ಕೆ ಬಂದಿರುತ್ತದೆ. ಆಗ ಹುಡುಗ ತಾಳ್ಮೆ ಕಳೆದುಕೊಂಡು ‘ಇಲ್ಲಿ ಐದೇ ಇರಬೇಕು’ ಎಂದು ಅಂದಾಜಿನ ಮೇಲೆ ಒಂದು ಅಂಕಿ ಬರೆಯುತ್ತಾನೆ. ಸೋಲು ಶುರುವಾಗುವುದು ಅಲ್ಲಿಂದಲೇ.

ಸುಡೊಕುವಿನ ಹೆಸರು ಜಪಾನಿನದಾದರೂ ಹುಟ್ಟು ಅಮೆರಿಕದ್ದು. ಹೋವರ್ಡ್ ಗಾರ್ನ್ಸ್ ಎಂಬ ನಿವೃತ್ತ ವಾಸ್ತುಶಿಲ್ಪಿ ರಚಿಸಿದ ಈ ಒಗಟು 1979ರಲ್ಲಿ ಅಲ್ಲಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. 1984ರಲ್ಲಿ ಜಪಾನಿನ ನಿಕೋಲಿ ಸಂಸ್ಥೆ ಅದನ್ನು ತನ್ನ ಓದುಗರಿಗೆ ಪರಿಚಯಿಸಿತು. 2004ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆ ಹಿಡಿದುಕೊಂಡ ಮೇಲೆ ಜಗತ್ತೆಲ್ಲ ಹಬ್ಬಿತು. 2017ರಲ್ಲಿ ವಿಶ್ವ ಸುಡೊಕು ಚಾಂಪಿಯನ್‌ಷಿಪ್ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ನಿಯಮವಂತೂ ಒಂದೇ ಸಾಲಿನದು: ಅಡ್ಡಸಾಲು, ಕಂಬಸಾಲು, ಮೂರು ಮನೆಗೆ ಮೂರು ಮನೆಯ ಪೆಟ್ಟಿಗೆ, ಈ ಮೂರರಲ್ಲೂ 1ರಿಂದ 9ರವರೆಗಿನ ಅಂಕಿಗಳು ಒಂದೊಂದು ಸಲ ಮಾತ್ರ ಬರಬೇಕು. ಕೂಡುವುದಿಲ್ಲ, ಕಳೆಯುವುದಿಲ್ಲ. ಲೆಕ್ಕದಲ್ಲಿ ಹಿಂದೆ ಬಿದ್ದ ಮಗುವೂ ಇದರಲ್ಲಿ ಮುಂದೆ ಬರಬಹುದು.

ಕಠಿಣ ಸುಡೊಕು ಬಿಡಿಸುವವರು ಉತ್ತರವನ್ನು ಹುಡುಕುವುದಿಲ್ಲ, ಉತ್ತರವಾಗಲಾರದ್ದನ್ನು ಅಳಿಸುತ್ತಾ ಹೋಗುತ್ತಾರೆ. ಮೊದಲು ಖಾಲಿ ಮನೆಯ ಮೂಲೆಯಲ್ಲಿ ಅಲ್ಲಿಗೆ ಬರಬಹುದಾದ ಅಂಕಿಗಳನ್ನೆಲ್ಲ ಸಣ್ಣದಾಗಿ ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು. ಒಂದೇ ಸಾಲಿನ ಎರಡು ಮನೆಗಳಲ್ಲಿ 4 ಮತ್ತು 7 ಮಾತ್ರ ಉಳಿದಿವೆ ಎನ್ನಿ. ಯಾವುದು ಎಲ್ಲಿ ಎಂಬುದು ಗೊತ್ತಿಲ್ಲ. ಆದರೆ ಆ ಎರಡೂ ಅಂಕಿಗಳು ಆ ಎರಡು ಮನೆಗಳಿಗೇ ಮೀಸಲು ಎಂಬುದಂತೂ ಖಚಿತ. ಹಾಗಾಗಿ ಅದೇ ಸಾಲಿನ ಬೇರೆ ಮನೆಗಳಿಂದ 4, 7ನ್ನು ಧೈರ್ಯವಾಗಿ ಅಳಿಸಬಹುದು. ಗೊತ್ತಿಲ್ಲದ್ದರಿಂದಲೇ ಗೊತ್ತಾಗುವ ಸಂಗತಿಯಿದು. ಮಕ್ಕಳಿಗೆ ಮೊದಲ ಸಲ ಹೇಳಿದಾಗ ಕಣ್ಣರಳಿಸುತ್ತಾರೆ.

ಇದರ ಅಣ್ಣ ‘ಎಕ್ಸ್-ವಿಂಗ್’. ಎರಡನೆಯ ಅಡ್ಡಸಾಲಿನಲ್ಲಿ 5 ಬರಲು ಎರಡೇ ಜಾಗಗಳಿವೆ, ಮೂರನೆಯ ಮತ್ತು ಎಂಟನೆಯ ಮನೆ. ಏಳನೆಯ ಅಡ್ಡಸಾಲಿನಲ್ಲೂ ಹಾಗೆಯೇ, ಅವೇ ಮೂರು ಮತ್ತು ಎಂಟು. ಮೇಲಿನ ಸಾಲಿನ 5 ಮೂರನೆಯ ಮನೆಗೆ ಹೋದರೆ ಕೆಳಗಿನದು ಎಂಟಕ್ಕೆ ಹೋಗಲೇಬೇಕು. ಮೇಲಿನದು ಎಂಟಕ್ಕೆ ಹೋದರೆ ಕೆಳಗಿನದು ಮೂರಕ್ಕೆ. ಏನೇ ಆಗಲಿ, ಮೂರನೆಯ ಕಂಬಸಾಲಿಗೊಂದು 5, ಎಂಟನೆಯ ಕಂಬಸಾಲಿಗೊಂದು 5 ಈ ನಾಲ್ಕು ಮನೆಗಳಿಂದಲೇ ಸಿಕ್ಕಿತು. ಆ ಎರಡು ಕಂಬಸಾಲುಗಳ ಉಳಿದ ಮನೆಗಳಲ್ಲಿ ಬರೆದಿಟ್ಟ 5ಗಳೆಲ್ಲ ಅಳಿಸಿ ಹೋಗುತ್ತವೆ.

ಇನ್ನೂ ಒಂದು ಮೆಟ್ಟಿಲು ಮೇಲಿನದು ‘ಎಕ್ಸ್‌ವೈ-ವಿಂಗ್’. ಒಂದು ಮನೆಯಲ್ಲಿ 1 ಅಥವಾ 2. ಅದರ ಸಾಲಿನಲ್ಲೋ ಪೆಟ್ಟಿಗೆಯಲ್ಲೋ ಇರುವ ಒಂದು ನೆರೆಮನೆಯಲ್ಲಿ 1 ಅಥವಾ 3, ಮತ್ತೊಂದು ನೆರೆಮನೆಯಲ್ಲಿ 2 ಅಥವಾ 3. ನಡುವಿನದು 1 ಆದರೆ ಮೊದಲ ನೆರೆಗೆ 3 ಬರುತ್ತದೆ. ನಡುವಿನದು 2 ಆದರೆ ಎರಡನೆಯ ನೆರೆಗೆ 3. ಎರಡೂ ನೆರೆಮನೆಗಳಿಗೆ ಸಂಬಂಧವಿರುವ ಮನೆ ಯಾವುದಿದ್ದರೂ ಅಲ್ಲಿ 3 ಇರಲಾರದು.

ಇಲ್ಲಿಯವರೆಗಿನದು ಶುದ್ಧ ತರ್ಕ. ಆದರೆ ಪಳಗಿದವರು ಬಳಸುವ ಇನ್ನೊಂದು ಉಪಾಯವಿದೆ, ಅದರ ಬಗ್ಗೆ ಅವರಲ್ಲೇ ಜಗಳವೂ ಇದೆ. ಎರಡು ಅಡ್ಡಸಾಲು, ಎರಡು ಕಂಬಸಾಲು, ಎರಡೇ ಪೆಟ್ಟಿಗೆಗಳಲ್ಲಿ ಆಯತದ ನಾಲ್ಕು ಮೂಲೆಗಳಂತೆ ನಾಲ್ಕು ಖಾಲಿ ಮನೆಗಳು. ಮೂರರಲ್ಲಿ 1, 2 ಮಾತ್ರ. ನಾಲ್ಕನೆಯದರಲ್ಲಿ 1, 2, 6. ಅಲ್ಲಿ 6 ಬಾರದೇ ಹೋದರೆ ನಾಲ್ಕೂ ಮನೆಗಳಲ್ಲಿ 1 ಮತ್ತು 2 ಅದಲುಬದಲಾಗಿ ಕುಳಿತರೂ ನಡೆಯುತ್ತದೆ. ಅಂದರೆ ಒಗಟಿಗೆ ಎರಡು ಉತ್ತರ. ಸರಿಯಾದ ಸುಡೊಕುವಿಗೆ ಒಂದೇ ಉತ್ತರವಿರಬೇಕಲ್ಲ? ಆದ್ದರಿಂದ ಅಲ್ಲಿ 6 ಬರೆಯಿರಿ ಎನ್ನುತ್ತಾರೆ ಒಂದು ಗುಂಪಿನವರು. ಅದು ಚೌಕವನ್ನು ನಂಬಿದ್ದಲ್ಲ, ಚೌಕ ಮಾಡಿದವನನ್ನು ನಂಬಿದ್ದು ಎಂದು ಮತ್ತೊಂದು ಗುಂಪಿನವರ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ.

ಉತ್ತರ ಒಂದೇ ಎಂಬುದು ತಾನಾಗಿ ಬರುವ ಗುಣವಲ್ಲ. ಕೊಟ್ಟ ಅಂಕಿಗಳು ತೀರ ಕಡಿಮೆಯಾದರೆ ಅದು ಕೈಬಿಟ್ಟು ಹೋಗುತ್ತದೆ. ಕನಿಷ್ಠ 17 ಅಂಕಿಗಳನ್ನಾದರೂ ಕೊಡದೆ ಒಂದೇ ಉತ್ತರದ ಸುಡೊಕು ಮಾಡಲಾಗದು ಎಂಬುದನ್ನು ಡಬ್ಲಿನ್ನಿನ ಗ್ಯಾರಿ ಮೆಕ್‌ಗೈರ್ ಮತ್ತು ಸಂಗಡಿಗರು ಕಂಪ್ಯೂಟರಿನ ನೆರವಿನಿಂದ ತೋರಿಸಿದ್ದು 2012ರಲ್ಲಿ.

ಈ ‘ಒಂದೇ ಉತ್ತರ’ದ ಪ್ರಶ್ನೆಯನ್ನು ಹಿಡಿದುಕೊಂಡು ನಂದಿಯ ಕಡೆಗೆ ಬರೋಣ.

ಯಲವಳ್ಳಿಯ ಚೌಕಗಳು

ನಂದಿ ಬೆಟ್ಟದ ಸಮೀಪ ಯಲವಳ್ಳಿ ಎಂಬ ಹಳ್ಳಿಯಿದೆ. ಅಕ್ಷರವೇ ಇಲ್ಲದ, ಬರೀ ಅಂಕಿಗಳಲ್ಲಿ ಬರೆದ ‘ಸಿರಿಭೂವಲಯ’ವನ್ನು ರಚಿಸಿದ ಜೈನಮುನಿ ಕುಮುದೇಂದು ಈ ಊರಿನವನು ಎಂಬುದು ಆ ಗ್ರಂಥವನ್ನು ಬೆಳಕಿಗೆ ತಂದವರ ಹೇಳಿಕೆ. ಈ ಸೀಮೆಗೆ ಜೈನರು ಹೊಸಬರಲ್ಲ. ನಂದಿ ಗ್ರಾಮದ ಪಕ್ಕದ ಗೋಪಿನಾಥ ಗುಡ್ಡದಲ್ಲಿ ಗಂಗರ ಕಾಲದ ಜೈನ ಶಾಸನವೇ ಇದೆ. ಊರೊಳಗಿನ ಭೋಗನಂದೀಶ್ವರ ದೇವಾಲಯದ ಕತೆಯೂ ಒಂಬತ್ತನೆಯ ಶತಮಾನದ ಆರಂಭಕ್ಕೆ ಹೋಗುತ್ತದೆ. ಶಾಲಾ ಪ್ರವಾಸದ ಮಕ್ಕಳು ಟಿಪ್ಪು ಡ್ರಾಪ್ ನೋಡಿ ಬಸ್ಸು ಹತ್ತಿಬಿಡುತ್ತಾರೆ, ಗುಡ್ಡದ ಕಡೆ ಹೋಗುವವರು ಕಡಿಮೆ.

ಭೂವಲಯದ ಒಂದೊಂದು ಪುಟವೂ ಒಂದು ಚಕ್ರ. ಚಕ್ರವೆಂದರೆ ದುಂಡಗಿನದಲ್ಲ, ಅಡ್ಡಕ್ಕೆ 27, ಉದ್ದಕ್ಕೆ 27 ಮನೆಗಳ ಚೌಕ. ಒಟ್ಟು 729 ಮನೆ. ಒಂಬತ್ತು ಸುಡೊಕು ಹಲಗೆಗಳನ್ನು ಮೂರು ಮೂರರಂತೆ ಜೋಡಿಸಿಟ್ಟರೆ ಸರಿಯಾಗಿ ಅಷ್ಟೇ ಆಗುತ್ತದೆ. ಮನೆಗಳಲ್ಲಿ 1ರಿಂದ 64ರವರೆಗಿನ ಅಂಕಿಗಳು. ಒಂದೊಂದು ಅಂಕಿಗೂ ಒಂದೊಂದು ಧ್ವನಿ: ಒಂಬತ್ತು ಸ್ವರಗಳು ಹ್ರಸ್ವ, ದೀರ್ಘ, ಪ್ಲುತ ಎಂದು ಸೇರಿ 27, ವ್ಯಂಜನಗಳು 33, ಯೋಗವಾಹಗಳು 4.

ಅಂಕಿಯ ಜಾಗಕ್ಕೆ ಅಕ್ಷರ ಬರೆದುಬಿಟ್ಟರೆ ಓದಬಹುದೇ? ಬರುವುದಿಲ್ಲ. ಎಡದಿಂದ ಬಲಕ್ಕೆ ಓದಿದರೆ ಅರ್ಥವಿಲ್ಲದ ಗೊಣಗಾಟ. ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕೆಂಬ ದಾರಿ ಗೊತ್ತಿರಬೇಕು. ಈ ದಾರಿಗೆ ‘ಬಂಧ’ ಎಂದು ಹೆಸರು. ಚಕ್ರಬಂಧದಲ್ಲಿ ಇಡೀ ಚೌಕವೇ ಒಂದು ಓಟ. ನವಮಾಂಕ ಬಂಧದಲ್ಲಿ ಚೌಕವನ್ನು ಒಂಬತ್ತು ಭಾಗ ಮಾಡಿಕೊಂಡು ಒಂದೊಂದನ್ನೇ ಮುಗಿಸುತ್ತಾ ಹೋಗುವುದು.

ದಾರಿಯ ಗುಟ್ಟು ಮಾಯಾಚೌಕದಲ್ಲಿದೆ. ಪುಟ್ಟ ಮಾದರಿಯಲ್ಲಿ ನೋಡುವುದು ಸುಲಭ. ಒಂಬತ್ತು ಮನೆಗಳ ಚೌಕ ಬರೆಯಿರಿ. ಮೇಲಿನ ಸಾಲಿನ ನಡುಮನೆಯಲ್ಲಿ 1. ಅಲ್ಲಿಂದ ಪ್ರತಿ ಸಲ ಬಲಕ್ಕೆ ಮೇಲೆ, ಓರೆಯಾಗಿ ಒಂದು ಹೆಜ್ಜೆ. ಚೌಕದ ಮೇಲಂಚು ದಾಟಿದರೆ ಅದೇ ಕಂಬಸಾಲಿನ ತಳಕ್ಕೆ ಬನ್ನಿ. ಬಲದಂಚು ದಾಟಿದರೆ ಅದೇ ಅಡ್ಡಸಾಲಿನ ಎಡತುದಿಗೆ. ಹೋಗಬೇಕಾದ ಮನೆ ತುಂಬಿದ್ದರೆ ಈಗಿರುವ ಮನೆಯ ಕೆಳಗೆ ಇಳಿಯಿರಿ. ಸಿಗುವುದು ಇದು:

8 1 6
3 5 7
4 9 2

ಅಡ್ಡ, ಉದ್ದ, ಓರೆ ಎತ್ತ ಕೂಡಿದರೂ 15. ಈಗ ‘ನಂದಿ ಬೆಟ್ಟದ ಮೇಲಿನಿಂದ’ ಎಂಬ ಒಂಬತ್ತು ಅಕ್ಷರಗಳನ್ನು ಇದೇ ದಾರಿಯಲ್ಲಿ ಒಂದೊಂದಾಗಿ ಇಡುತ್ತಾ ಹೋದರೆ:

ನಿಂ ನಂ ಮೇ
ಬೆ ದ ಲಿ
ಟ್ಟ ದ ದಿ

ನೇರವಾಗಿ ಓದುವವನಿಗೆ ಇದು ‘ನಿಂನಂಮೇ ಬೆದಲಿ’. ದಾರಿ ಬಲ್ಲವನಿಗೆ ನಂದಿ ಬೆಟ್ಟ. ಇದೇ ನಡಿಗೆಯಲ್ಲಿ 27ರ ಚೌಕದಲ್ಲಿ 1ರಿಂದ 729ರವರೆಗೆ ತುಂಬಿದರೆ ಪ್ರತಿ ಸಾಲಿನ ಮೊತ್ತ 9,855 ಆಗುತ್ತದೆ. ಆ ಕ್ರಮದಲ್ಲಿ ಮನೆಗಳನ್ನು ಓದುತ್ತಾ ಹೋದಾಗ ಚಕ್ರಬಂಧದ ಸಾಹಿತ್ಯ ಹೊರಬರುತ್ತದೆ.

ಹಸ್ತಪ್ರತಿ ಇದ್ದದ್ದು ಪಂಡಿತ ಯಲ್ಲಪ್ಪ ಶಾಸ್ತ್ರಿಯವರ ಬಳಿ. ಅದರ ಬೆನ್ನು ಹತ್ತಿದವರು ಸ್ವಾತಂತ್ರ್ಯ ಹೋರಾಟಗಾರ ಕರ್ಲಮಂಗಲಂ ಶ್ರೀಕಂಠಯ್ಯ. ಜೊತೆಗೆ ಕನ್ನಡ ಬೆರಳಚ್ಚು ಯಂತ್ರಕ್ಕಾಗಿ ಹೆಸರಾದ ಕೆ. ಅನಂತಸುಬ್ಬರಾವ್. ಕಂಪ್ಯೂಟರು ಇಲ್ಲದ ದಿನಗಳಲ್ಲಿ ಈ ಮೂವರು ಚಕ್ರ ಚಕ್ರವನ್ನೂ ಕೈಯಲ್ಲೇ ಬಿಡಿಸಿದರು. 1953ರಲ್ಲಿ ಬೆಂಗಳೂರಿನಲ್ಲಿ ಮೊದಲ ಭಾಗ ಅಚ್ಚಾಯಿತು. ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ಆಸಕ್ತಿ ವಹಿಸಿದ್ದರಿಂದ ಹಸ್ತಪ್ರತಿಯ ಮೈಕ್ರೋಫಿಲ್ಮ್ ದೆಹಲಿಯ ರಾಷ್ಟ್ರೀಯ ಪತ್ರಾಗಾರ ಸೇರಿತು. ಐವತ್ತು ವರ್ಷಗಳ ನಂತರ, 2003ರಲ್ಲಿ, ಪುಸ್ತಕ ಶಕ್ತಿ ಪ್ರಕಾಶನ ಮತ್ತೆ ಪ್ರಕಟಿಸಿತು.

ನಂಬುವುದೆಷ್ಟು?

ಜಗಳ ಹುಟ್ಟುವುದು ಇಲ್ಲಿಂದ ಮುಂದೆ. ಗ್ರಂಥದಲ್ಲಿ 718 ಭಾಷೆಗಳು ಅಡಗಿವೆ, ಆರು ಲಕ್ಷ ಪದ್ಯಗಳಿವೆ, ಅಣುವಿಜ್ಞಾನದಿಂದ ವಿಮಾನಶಾಸ್ತ್ರದವರೆಗೆ ಎಲ್ಲ ಇದೆ ಎಂದು ಹೇಳುವವರಿದ್ದಾರೆ. ತನ್ನ ತಾಲ್ಲೂಕಿನ ಹೆಮ್ಮೆ ಎಂದು ಅದನ್ನು ಭಾಷಣ ಸ್ಪರ್ಧೆಯಲ್ಲಿ ಹೇಳಿ ಬಹುಮಾನ ತರುವ ವಿದ್ಯಾರ್ಥಿಗೆ ಚಪ್ಪಾಳೆ ಸಿಗುವುದು ಸಹಜ. ಆದರೆ ಅದೇ ವಿದ್ಯಾರ್ಥಿ ಭಾನುವಾರ ಸುಡೊಕು ಬಿಡಿಸುವಾಗ ಅಂದಾಜಿನ ಅಂಕಿಯನ್ನು ಒಪ್ಪುವುದಿಲ್ಲವಲ್ಲ. ಅದೇ ಪೆನ್ಸಿಲನ್ನು ಇಲ್ಲಿಗೂ ತರಬೇಕಾಗುತ್ತದೆ.

ಮೊದಲು ಖಚಿತವಾದದ್ದು. ಒಂದೇ ನಿಯಮ ಹಿಡಿದು 729 ಮನೆ ನಡೆದಾಗ, ಎಲ್ಲೂ ಎಡವದೆ, ಛಂದಸ್ಸಿಗೆ ಒಪ್ಪುವ ಕನ್ನಡ ಪದ್ಯಗಳು ಬರುತ್ತವೆ. ಇದು ಆಕಸ್ಮಿಕವಾಗಿ ಆಗುವಂಥದ್ದಲ್ಲ. ಒಂಬತ್ತು ಮನೆಗಳನ್ನೇ 3,62,880 ಬಗೆಯಲ್ಲಿ ಸುತ್ತಬಹುದು. 729 ಮನೆಗಳನ್ನು ಸುತ್ತುವ ಬಗೆಗಳ ಸಂಖ್ಯೆ ಬರೆಯಲು 1,700ಕ್ಕೂ ಹೆಚ್ಚು ಅಂಕಿಗಳು ಬೇಕು. ಅಷ್ಟರಲ್ಲಿ ಇಷ್ಟು ಸರಳವಾದ ಒಂದು ದಾರಿಯಲ್ಲಿ ಕಾವ್ಯ ಸಿಗುತ್ತದೆ ಎಂದರೆ ಚೌಕ ಮಾಡಿದವನು ಬೇಕೆಂದೇ ಅಲ್ಲಿ ಇಟ್ಟಿದ್ದಾನೆ. ಪದ್ಯಗಳ ಮೊದಲಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಹಿಡಿದಾಗ ಪ್ರಾಕೃತ, ನಡುವಿನ ಅಕ್ಷರಗಳನ್ನು ಹಿಡಿದಾಗ ಸಂಸ್ಕೃತ ಬರುವುದೂ ಇದೇ ಜಾತಿಯ ಕೌಶಲ. ನಿಯಮ ಮೊದಲೇ ಗೊತ್ತಿದೆ, ಬೇಕಾದವರು ಪರೀಕ್ಷಿಸಬಹುದು.

718 ಭಾಷೆಗಳ ಮಾತು ಬೇರೆ. ದಾರಿಯನ್ನು ಮೊದಲು ಹೇಳಿ ಆಮೇಲೆ ಓದಿದರೆ ಅದು ಬಿಡಿಸಿದ್ದು. ಬೇಕಾದ ಪದ ಸಿಗುವವರೆಗೆ ದಾರಿಯನ್ನು ಬದಲಾಯಿಸುತ್ತಾ ಹೋದರೆ ಯಾವ ಚೌಕದಲ್ಲೂ ಯಾವ ಪದವನ್ನೂ ಹುಡುಕಬಹುದು. ಎರಡು ಉತ್ತರವಿರುವ ಸುಡೊಕುವನ್ನೇ ಕೆಟ್ಟದ್ದೆಂದು ಎಸೆಯುತ್ತೇವೆ, ಇಲ್ಲಿ ಉತ್ತರಗಳಿಗೆ ಲೆಕ್ಕವೇ ಇರುವುದಿಲ್ಲ. ಆಯಾ ಭಾಷೆಯ ಪಾಠವನ್ನೂ ಅದಕ್ಕೆ ಹೋಗುವ ದಾರಿಯನ್ನೂ ಮುಂದಿಟ್ಟು ತೋರಿಸಿದ ದಿನ ಒಪ್ಪಿದರಾಯಿತು.

ಕಾಲದ ಪ್ರಶ್ನೆಯೂ ಅಷ್ಟೇ ಗಟ್ಟಿಯಾದದ್ದು. ಗ್ರಂಥದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರು ಬರುವುದರಿಂದ ಅದು ಒಂಬತ್ತನೆಯ ಶತಮಾನದ್ದು ಎಂದು ಶ್ರೀಕಂಠಯ್ಯನವರ ವಾದ. ಎ. ವೆಂಕಟಸುಬ್ಬಯ್ಯನವರಂಥ ವಿದ್ವಾಂಸರು ಒಪ್ಪಲಿಲ್ಲ, ಬಹಳ ಈಚಿನದೆಂದರು. ಇದನ್ನೂ ಅಳಿಸುವ ಕ್ರಮದಲ್ಲೇ ನೋಡಬಹುದು. ಪದ್ಯಗಳಿರುವುದು ಸಾಂಗತ್ಯದಲ್ಲಿ. ಹದಿಮೂರನೆಯ ಶತಮಾನದ ಶಿಶುಮಾಯಣನಿಗಿಂತ ಹಿಂದಿನ ಸಾಂಗತ್ಯ ಕಾವ್ಯ ನಮಗೆ ದೊರೆತಿಲ್ಲ. ರತ್ನಾಕರವರ್ಣಿಯಂಥವರ ಕೈಯಲ್ಲಿ ಅದು ಮೆರೆದದ್ದು ಹದಿನಾರನೆಯ ಶತಮಾನದಲ್ಲಿ. ಅಮೋಘವರ್ಷನ ಆಸ್ಥಾನದ್ದೇ ಆದ ‘ಕವಿರಾಜಮಾರ್ಗ’ದ ಹಳಗನ್ನಡವನ್ನೂ ಭೂವಲಯದ ಕನ್ನಡವನ್ನೂ ಅಕ್ಕಪಕ್ಕ ಇಟ್ಟರೆ ಪಿ.ಯು.ಸಿ. ವಿದ್ಯಾರ್ಥಿಗೂ ವ್ಯತ್ಯಾಸ ಕಿವಿಗೆ ತಾಗುತ್ತದೆ. ಒಂಬತ್ತನೆಯ ಶತಮಾನವನ್ನು ಆ ಮನೆಯಿಂದ ಅಳಿಸುವುದೇ ಸರಿಯೆಂದು ತೋರುತ್ತದೆ. ಯಾವ ಶತಮಾನ ಬರೆಯಬೇಕೆಂಬುದು ಮಾತ್ರ ಇನ್ನೂ ಪೆನ್ಸಿಲಿನಲ್ಲೇ ಇದೆ. ಈಚಿನದಾದರೆ ಕೃತಿ ಸಣ್ಣದಾಯಿತೆಂದು ಕೆಲವರು ಬೇಸರಪಡುತ್ತಾರೆ. ಹದಿನಾರನೆಯ ಶತಮಾನದಲ್ಲೇ ಆಗಲಿ, 729 ಮನೆಗಳ ಚೌಕದಲ್ಲಿ ಮೂರು ಭಾಷೆಗಳನ್ನು ಹೊಂದಿಸಿ ಕೂರಿಸುವುದು ಯಾರ ಕೈಲಾಗುತ್ತದೆ?

ಮುಂದಿನ ಭಾನುವಾರಕ್ಕೆ 25 ಮನೆಗಳ ಚೌಕವೊಂದನ್ನು ಮಾಡಿ ನೋಡಬಹುದು. ನಡಿಗೆ ಅದೇ, ಮೇಲಿನ ಸಾಲಿನ ನಡುಮನೆಯಿಂದ ಶುರು. ಮೊದಲು 1ರಿಂದ 25 ತುಂಬಿ ಸಾಲುಗಳನ್ನು ಕೂಡಬೇಕು. 65 ಬಾರದಿದ್ದರೆ ಎಲ್ಲೋ ಹೆಜ್ಜೆ ತಪ್ಪಿದೆ. ಬಂದರೆ ಅದೇ ಕ್ರಮದಲ್ಲಿ ಇಪ್ಪತ್ತೈದು ಅಕ್ಷರಗಳ ಮಾತೊಂದನ್ನು ಇಟ್ಟು, ದಾರಿ ಹೇಳದೆ ಅಪ್ಪನ ಕೈಗೆ ಕೊಡುವುದು. ಅವರು ಸುಡೊಕು ಕೆಳಗಿಟ್ಟು ಎಷ್ಟು ಹೊತ್ತು ಕೂರುತ್ತಾರೋ ನೋಡಿ.