ಒಬ್ಬರ ಗಜಕರ್ಣ ಮನೆಮಂದಿಗೆಲ್ಲ ಹೇಗೆ?

ಪ್ರಶ್ನೆ: ಮನೆಯಲ್ಲಿ ಒಬ್ಬರಿಗೆ ಗಜಕರ್ಣ ಬಂದರೆ ಉಳಿದವರಿಗೂ ಬರುವುದೇಕೆ? ಮುಟ್ಟದೆ ದೂರವಿದ್ದರೆ ಸಾಲದೇ?

ಉತ್ತರ: ಸಾಲದು. ಗಜಕರ್ಣ ಅಥವಾ ಹುಳುಕಡ್ಡಿಗೆ ಕಾರಣವಾದ ಶಿಲೀಂಧ್ರಗಳಿಗೆ ಚರ್ಮ, ಕೂದಲು, ಉಗುರುಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಆಹಾರ. ತುರಿಸಿಕೊಂಡಾಗ ಉದುರುವ ಹೊಟ್ಟಿನಲ್ಲಿ ಅವುಗಳ ಬೀಜಕಣಗಳಿರುತ್ತವೆ. ಹಾಸಿಗೆ, ಟವೆಲು, ಬಾಚಣಿಗೆಗಳಲ್ಲಿ ಸೇರಿಕೊಂಡ ಈ ಕಣಗಳು ತಿಂಗಳುಗಟ್ಟಲೆ ಬದುಕಬಲ್ಲವು.

ಬಟ್ಟೆ ಒಗೆದರೆ ಹೋಗುವುದಿಲ್ಲವೇ? ತಣ್ಣೀರಿನಲ್ಲಿ ಎಲ್ಲರ ಬಟ್ಟೆಗಳನ್ನೂ ಒಟ್ಟಿಗೆ ನೆನೆಸಿದರೆ, ಒಬ್ಬರ ಬನಿಯನ್ನಿನಿಂದ ಇನ್ನೊಬ್ಬರ ಕಾಲುಚೀಲಕ್ಕೆ ಕಣಗಳು ದಾಟಬಹುದು. ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರು ಅವುಗಳನ್ನು ಕೊಲ್ಲುತ್ತದೆ. ಸೋಂಕಿತರ ಬಟ್ಟೆಗಳನ್ನು ಬೇರೆಯಾಗಿ ಒಗೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಮಳೆಗಾಲದಲ್ಲಿ ಅರೆ ಒದ್ದೆ ಒಳಉಡುಪು, ಬೆವರಿನ ಬಿಗಿ ಜೀನ್ಸ್, ಸದಾ ತೇವವಾಗಿರುವ ಉಡುದಾರ ಶಿಲೀಂಧ್ರಕ್ಕೆ ಅನುಕೂಲ. ಬೆಕ್ಕು, ನಾಯಿಮರಿಗಳಿಂದಲೂ ಮಕ್ಕಳಿಗೆ ಕೆಲವು ಬಗೆಯ ಸೋಂಕು ತಗಲುತ್ತದೆ.

ಇತ್ತೀಚಿನ ತೊಡಕು ಇನ್ನೊಂದು. 2020ರಲ್ಲಿ ಜಪಾನಿನ ಸಂಶೋಧಕರು ‘ಟ್ರೈಕೋಫೈಟಾನ್ ಇಂಡೋಟಿನಿಯೆ’ ಎಂದು ಹೆಸರಿಟ್ಟ ಶಿಲೀಂಧ್ರ ಭಾರತದಲ್ಲಿ ವ್ಯಾಪಕವಾಗಿದೆ. ಇದರ ಹಲವು ತಳಿಗಳು ಗಜಕರ್ಣಕ್ಕೆ ಕೊಡುವ ಟರ್ಬಿನಾಫಿನ್ ಔಷಧಿಗೆ ಜಗ್ಗುವುದಿಲ್ಲ.

ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸ್ಟಿರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ಅಡಗಿಸುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ಹರಡುತ್ತದೆ. ಒಬ್ಬರಿಂದ ಒಬ್ಬರಿಗೆ ಮತ್ತೆ ಹರಡದಿರಲೆಂದು ಚರ್ಮವೈದ್ಯರು ಸೋಂಕಿರುವ ಮನೆಮಂದಿಗೆಲ್ಲ ಒಂದೇ ಸಲಕ್ಕೆ ಚಿಕಿತ್ಸೆ ನೀಡುತ್ತಾರೆ. ಕಲೆ ಮಾಸಿದ ಮೇಲೂ ಅವರು ಹೇಳಿದಷ್ಟು ದಿನ ಔಷಧಿ ಮುಂದುವರಿಸಬೇಕು.