ನಡಿಗೆಯಲ್ಲೇ ಓಟ ಕಂಡ ಮೇಷ್ಟ್ರು

1976ರ ಮಾತು. ಕೇರಳದಲ್ಲೊಂದು ಕ್ರೀಡಾ ಬಹುಮಾನ ವಿತರಣೆಯ ಸಮಾರಂಭ. ಹನ್ನೆರಡರ ಆಸುಪಾಸಿನ ಹುಡುಗಿಯೊಬ್ಬಳು ನಡೆದು ಹೋಗುತ್ತಿದ್ದಳು. ಕಡ್ಡಿಯಂಥ ಮೈ, ಬಿರುಸಾದ ಹೆಜ್ಜೆ. ಅಲ್ಲಿದ್ದ ಕೋಚ್ ಒ.ಎಂ. ನಂಬಿಯಾರ್ ಅವರ ಕಣ್ಣು ಆ ಹೆಜ್ಜೆಗಳ ಮೇಲೆ ನೆಟ್ಟಿತು. ಈಕೆ ಒಳ್ಳೆಯ ಓಟಗಾರ್ತಿಯಾಗುತ್ತಾಳೆ ಎಂದು ತಮಗೆ ಅನ್ನಿಸಿದ್ದೇ ಆ ಸಪೂರ ಮೈಕಟ್ಟು ಮತ್ತು ವೇಗದ ನಡಿಗೆ ನೋಡಿ ಎಂದು ಎಷ್ಟೋ ವರ್ಷಗಳ ನಂತರ ಅವರು ಹೇಳಿಕೊಂಡರು. ಹುಡುಗಿಯ ಹೆಸರು ಪಿ.ಟಿ. ಉಷಾ.

ಆ ನಡಿಗೆ ಎಂಟು ವರ್ಷಗಳಲ್ಲಿ ಒಂದು ಅಂಕಿಯಾಗಿ ಬೆಳೆಯಿತು: 55.42. ಲಾಸ್ ಏಂಜಲೀಸ್ ಒಲಿಂಪಿಕ್ಸ್, 400 ಮೀಟರ್ ಹರ್ಡಲ್ಸ್, ನಾಲ್ಕನೇ ಸ್ಥಾನ. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕೈತಪ್ಪಿದ ಕಂಚು. ನಮ್ಮ ತಲೆಮಾರು ಈ ಅಂಕಿಯನ್ನು ನಿಟ್ಟುಸಿರಿನೊಂದಿಗೇ ನೆನೆಯುತ್ತ ಬಂದಿದೆ. ನನಗಂತೂ ಅದನ್ನು ನೋಡಿದಾಗಲೆಲ್ಲ ಕಣ್ಣೂರಿನ ಶಾಲೆಯೊಂದರ ಮೈದಾನದಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತ ಮನುಷ್ಯ ಕಾಣುತ್ತಾರೆ. ಕಳೆದುಹೋದ ಕಂಚಿಗಿಂತ, ಆ 55.42 ಅನ್ನುವುದು ಹೇಗೆ ಹುಟ್ಟಿತು ಎಂಬುದೇ ದೊಡ್ಡ ಕತೆ.

ಮಂಗಳೂರಿನಿಂದ ಕಲ್ಲಿಕೋಟೆಯ ಕಡೆಗೆ ರೈಲು ಹತ್ತಿದವರಿಗೆ ಈ ಕತೆಯ ಊರುಗಳೆಲ್ಲ ಕಿಟಕಿಯಲ್ಲೇ ಸಿಗುತ್ತವೆ. ಮೊದಲು ಕಣ್ಣೂರು; ಹೆಣ್ಣುಮಕ್ಕಳಿಗಾಗಿ ಕೇರಳ ಸರ್ಕಾರ ಕ್ರೀಡಾ ಶಾಲೆ ತೆರೆದದ್ದು ಇಲ್ಲಿ, ನಂಬಿಯಾರ್ ಕೋಚ್ ಆಗಿ ಬಂದದ್ದೂ ಇಲ್ಲಿಗೇ. ಮುಂದೆ ವಡಕರ, ಅದರ ಹತ್ತಿರದ ಮಣಿಯೂರು ಅವರ ಊರು. ಅದು ದಾಟಿದರೆ ಸಮುದ್ರದ ಮಗ್ಗುಲಿನ ಪಯ್ಯೋಳಿ, ಉಷಾ ಬೆಳೆದ ಊರು. ನಾನು ಆ ದಾರಿಯಲ್ಲಿ ಹೋದಾಗೆಲ್ಲ ಪಯ್ಯೋಳಿ ಬರುವ ಹೊತ್ತಿಗೆ ಬಾಗಿಲ ಹತ್ತಿರ ಬಂದು ನಿಲ್ಲುತ್ತೇನೆ. ನೋಡಲು ಅಂಥದ್ದೇನೂ ಇಲ್ಲ, ಸಣ್ಣ ಸ್ಟೇಷನ್, ತೆಂಗಿನ ಸಾಲು. ಆದರೂ ಕೂತಿರಲು ಮನಸ್ಸು ಬರುವುದಿಲ್ಲ.

ನಂಬಿಯಾರ್ ಹುಟ್ಟಿದ್ದು 1932ರಲ್ಲಿ. ಸ್ವತಃ ಅಥ್ಲೀಟ್. ವಾಯುಪಡೆಯಲ್ಲಿ ಸುಮಾರು 15 ವರ್ಷ ದುಡಿದವರು, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಕೋಚಿಂಗ್ ಕಲಿತವರು. ಕೇರಳದ ಕ್ರೀಡೆಗೆ ನೆಲೆ ಕಟ್ಟಿಕೊಟ್ಟ ಕರ್ನಲ್ ಗೋದವರ್ಮ ರಾಜ ಅವರ ಕರೆಗೆ ಓಗೊಟ್ಟು ಅಲ್ಲಿಯ ಕ್ರೀಡಾ ಮಂಡಳಿ ಸೇರಿದರು. ಅಲ್ಲಿಂದ ಕಣ್ಣೂರು.

ನಮ್ಮ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರ ಪಾಡು ಗೊತ್ತಿದ್ದದ್ದೇ. ಪರೀಕ್ಷೆ ಹತ್ತಿರ ಬಂದರೆ ಅವರ ಪೀರಿಯಡ್ಡನ್ನು ಗಣಿತದವರು ತೆಗೆದುಕೊಳ್ಳುತ್ತಾರೆ. ಕಣ್ಣೂರಿನಲ್ಲಿ ಆಟವೇ ಪಾಠವಾಗಿತ್ತು. ಅದರ ಫಲ ಎರಡೇ ವರ್ಷದಲ್ಲಿ ಕಾಣಿಸಿತು. 1978ರಲ್ಲಿ ಕೊಲ್ಲಂನಲ್ಲಿ ನಡೆದ ಅಂತರರಾಜ್ಯ ಜೂನಿಯರ್ ಕೂಟದಲ್ಲಿ ಉಷಾ ಆರು ಪದಕ ಗೆದ್ದಳು. ನಾಲ್ಕು ಚಿನ್ನ: 100 ಮೀಟರ್, 200 ಮೀಟರ್, 60 ಮೀಟರ್ ಹರ್ಡಲ್ಸ್, ಎತ್ತರ ಜಿಗಿತ. ಈ ಪಟ್ಟಿಯ ಕೊನೆಯ ಎರಡನ್ನು ಗಮನಿಸಬೇಕು. ಬರೀ ವೇಗದ ಹುಡುಗಿಯಲ್ಲ ಇವಳು, ನೆಲ ಬಿಟ್ಟು ಏಳಬಲ್ಲವಳು, ಇಳಿದ ಮೇಲೆ ಓಟದ ಲಯ ಹಿಡಿಯಬಲ್ಲವಳು.

ಆದರೂ ಮೊದಲ ವರ್ಷಗಳಲ್ಲಿ ಆಕೆ ಸ್ಪ್ರಿಂಟರ್. 1980ರ ಮಾಸ್ಕೋ ಒಲಿಂಪಿಕ್ಸ್‌ಗೆ ಹೋದಾಗ ವಯಸ್ಸು 16. ಹೀಟ್ಸ್‌ನಲ್ಲೇ ಓಟ ಮುಗಿಯಿತು. 1982ರ ದೆಹಲಿ ಏಷ್ಯಾಡ್‌ನಲ್ಲಿ 100 ಮತ್ತು 200 ಮೀಟರ್‌ಗಳಲ್ಲಿ ಬೆಳ್ಳಿ. ದೇಶ ಕುಣಿದಾಡಿತು. ಆದರೆ ನೂರು ಮೀಟರಿಗೆ ಹನ್ನೆರಡು ಸೆಕೆಂಡಿನ ಆಸುಪಾಸಿನಲ್ಲಿರುವ ಹುಡುಗಿಗೆ ಒಲಿಂಪಿಕ್ಸ್ ಫೈನಲ್ ಎಟುಕದು ಎಂಬ ಲೆಕ್ಕ ಯಾವ ಕೋಚ್‌ಗೂ ಗೊತ್ತಿರುವಂಥದ್ದು. ಅದೇ ಹೊತ್ತಿಗೆ ಮಹಿಳೆಯರ 400 ಮೀಟರ್ ಹರ್ಡಲ್ಸ್ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಸೇರಿತು, 1984ಕ್ಕೆ. ಹೊಸ ಬಾಗಿಲು. ನಂಬಿಯಾರ್ ಶಿಷ್ಯೆಯನ್ನು ಆ ಬಾಗಿಲಿಗೆ ಕರೆತಂದು ನಿಲ್ಲಿಸಿದರು.

ಈ ಓಟದ ಕಷ್ಟ ಹೊರಗಿನಿಂದ ಕಾಣುವುದಿಲ್ಲ. ಒಂದು ಸುತ್ತಿಗೆ ಹತ್ತು ಹರ್ಡಲ್, ಒಂದೊಂದೂ 76.2 ಸೆಂಟಿಮೀಟರ್ ಎತ್ತರ. ಮೊದಲನೆಯದು 45 ಮೀಟರಿಗೆ, ಆಮೇಲೆ 35 ಮೀಟರಿಗೊಂದು, ಹತ್ತನೆಯದು ದಾಟಿದ ಮೇಲೆ ಗೆರೆಗೆ 40 ಮೀಟರ್. ಎರಡು ಹರ್ಡಲ್‌ಗಳ ನಡುವೆ ಎಷ್ಟು ಹೆಜ್ಜೆ ಎಂಬುದು ಮೊದಲೇ ಗೊತ್ತಿರಬೇಕು. ಅರ್ಧ ಹೆಜ್ಜೆ ಹೆಚ್ಚುಕಡಿಮೆಯಾದರೆ ಕಾಲು ತಡವರಿಸುತ್ತದೆ, ಬಾರದ ಕಾಲಲ್ಲಿ ಹಾರಬೇಕಾಗುತ್ತದೆ. ಸುಸ್ತಾದಂತೆ ಹೆಜ್ಜೆ ಕಿರಿದಾಗುತ್ತದೆ, ಎಣಿಕೆ ತಪ್ಪುತ್ತದೆ. ಕಾಲಿಗೆ ಎಷ್ಟು ಕೆಲಸವೋ ತಲೆಗೂ ಅಷ್ಟೇ. ಇದನ್ನು ಕಲಿಸಲು ನಂಬಿಯಾರ್ ಅವರಿಗಿದ್ದದ್ದು ಮಣ್ಣಿನ ಮೈದಾನ, ಪಯ್ಯೋಳಿಯ ಕಡಲ ಮರಳು ಮತ್ತು ಕೆಲವೇ ತಿಂಗಳು. ಒದ್ದೆ ಮರಳು ಪಾದವನ್ನು ಹಿಡಿದಿಟ್ಟುಕೊಳ್ಳುತ್ತದೆ; ಅದರ ಮೇಲೆ ಓಡಿದ ಕಾಲಿಗೆ ಗಟ್ಟಿ ನೆಲ ಹಗುರ.

ಲಾಸ್ ಏಂಜಲೀಸ್‌ನಲ್ಲಿ ಉಷಾ ಉಂಡದ್ದು ಗಂಜಿ ಮತ್ತು ಮಾವಿನ ಉಪ್ಪಿನಕಾಯಿ. ಅಲ್ಲಿಯ ಊಟ ಒಗ್ಗಲಿಲ್ಲ, ಬೇರೆ ಏರ್ಪಾಡು ಇರಲಿಲ್ಲ. ಕೊನೆಯ ಮೂವತ್ತೈದು ಮೀಟರಿನಲ್ಲಿ ಕಸುವು ಸಾಲದೇಹೋದದ್ದಕ್ಕೆ ಅದೂ ಕಾರಣ ಎಂದು ಅವರೇ ಮುಂದೆ ಹೇಳಿದ್ದಾರೆ. ಗಂಜಿ-ಉಪ್ಪಿನಕಾಯಿಯ ರುಚಿ ಬಲ್ಲ ಕರಾವಳಿ, ಮಲೆನಾಡಿನ ನಮಗೆ ಈ ಮಾತು ಓದಿದರೆ ಗಂಟಲು ಕಟ್ಟುತ್ತದೆ. ಜ್ವರ ಬಿಟ್ಟವರಿಗೆ ಕೊಡುವ ಊಟ ಅದು.

1984ರ ಆಗಸ್ಟ್ 8, ಫೈನಲ್. ಗುಂಡು ಹಾರಿತು, ಉಷಾ ಚೆನ್ನಾಗಿಯೇ ಚಿಮ್ಮಿದರು. ಆದರೆ ಆಸ್ಟ್ರೇಲಿಯಾದ ಓಟಗಾರ್ತಿ ಗುಂಡಿಗೆ ಮೊದಲೇ ಹೊರಟಿದ್ದರಿಂದ ಎಲ್ಲರನ್ನೂ ವಾಪಸು ಕರೆದರು. ಎರಡನೇ ಸಲ ಆ ಚಿಮ್ಮುವಿಕೆ ಬರಲಿಲ್ಲ. ಮೊರಾಕೊದ ನವಾಲ್ ಎಲ್ ಮುತವಕ್ಕಿಲ್ 54.61ಕ್ಕೆ ಗೆದ್ದರು, ಅಮೆರಿಕದ ಜೂಡಿ ಬ್ರೌನ್ 55.20. ಹಿಂದೆ ರುಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು ಮತ್ತು ಉಷಾ ಒಟ್ಟೊಟ್ಟಿಗೆ. ಗೆರೆಯ ಬಳಿ ಎದೆ ಮುಂದೊಡ್ಡಬೇಕು, ಗಡಿಯಾರಕ್ಕೆ ಲೆಕ್ಕ ಮುಂಡದ್ದೇ. ಉಷಾ ಬಾಗಲಿಲ್ಲ. 55.41, 55.42. ಆ ವೇಗದಲ್ಲಿ ಸೆಕೆಂಡಿನ ನೂರನೇ ಒಂದು ಭಾಗ ಎಂದರೆ ಸುಮಾರು ಏಳು ಸೆಂಟಿಮೀಟರ್, ಒಂದು ಬೆರಳಿನ ಉದ್ದ.

ಪದಕ ತಪ್ಪಿತೆಂದು ತಿಳಿದಾಗ ನಂಬಿಯಾರ್ ಅತ್ತರು. ಅಳು ನಿಲ್ಲಿಸಲಾಗಲಿಲ್ಲ, ಆ ಗಳಿಗೆಯನ್ನು ಎಂದೂ ಮರೆಯಲಾರೆ ಎಂದು 37 ವರ್ಷಗಳ ನಂತರವೂ ಹೇಳಿದರು.

ಅತ್ತು ಕೂರಲಿಲ್ಲ. ಮರುವರ್ಷ ಜಕಾರ್ತದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಉಷಾಗೆ ಐದು ಚಿನ್ನ, ಒಂದು ಕಂಚು. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ನಾಲ್ಕು ಚಿನ್ನ, ಒಂದು ಬೆಳ್ಳಿ. ನಾಲ್ಕು ಸಲ ಒಲಿಂಪಿಕ್ಸ್‌ಗೆ ಹೋದ ಶೈನಿ ವಿಲ್ಸನ್, ನಮ್ಮ ಕರ್ನಾಟಕದ ವಂದನಾ ರಾವ್ ಕೂಡ ನಂಬಿಯಾರ್ ಗರಡಿಯಲ್ಲಿ ಪಳಗಿದವರೇ. 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದಾಗ ಮೊದಲ ವರ್ಷದ ಮೂವರಲ್ಲಿ ಅವರೊಬ್ಬರು. ಉಷಾಗೆ ಪದ್ಮಶ್ರೀ ಬಂದದ್ದೂ 1985ರಲ್ಲೇ. ಗುರುವಿಗೆ ಪದ್ಮಶ್ರೀ ಘೋಷಣೆಯಾದದ್ದು 2021ರ ಜನವರಿಯಲ್ಲಿ. ನಡುವೆ 36 ವರ್ಷ. ಪ್ರದಾನ ಸಮಾರಂಭ ನಡೆದ ನವೆಂಬರಿನ ಹೊತ್ತಿಗೆ ಅವರಿರಲಿಲ್ಲ. ಇಷ್ಟು ತಡ ಮಾಡಬಾರದಿತ್ತು ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ಉಷಾ 2002ರಲ್ಲಿ ತಮ್ಮದೇ ಅಥ್ಲೆಟಿಕ್ಸ್ ಶಾಲೆ ತೆರೆದರು. ಅಲ್ಲಿ ಬೆಳೆದ ಟಿಂಟು ಲೂಕಾ 2010ರಲ್ಲಿ 800 ಮೀಟರ್ ಓಟದ ರಾಷ್ಟ್ರೀಯ ದಾಖಲೆ ಮುರಿದಳು. ಮುರಿದದ್ದು ಶೈನಿ ವಿಲ್ಸನ್ ಅವರ ದಾಖಲೆಯನ್ನು. ನಂಬಿಯಾರ್ ಶಿಷ್ಯೆಯ ದಾಖಲೆ, ನಂಬಿಯಾರ್ ಶಿಷ್ಯೆಯ ಶಿಷ್ಯೆಯಿಂದ.

ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಮೇಷ್ಟ್ರನ್ನು ಹಣ್ಣು ಮಾಡಿತು. 2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ ನೀರಜ್ ಚೋಪ್ರಾ ಭಾರತಕ್ಕೆ ಅಥ್ಲೆಟಿಕ್ಸ್‌ನ ಮೊದಲ ಒಲಿಂಪಿಕ್ ಚಿನ್ನ ತಂದರು. ಹನ್ನೆರಡು ದಿನ ಕಳೆದು, ಆಗಸ್ಟ್ 19ರಂದು, ನಂಬಿಯಾರ್ ತೀರಿಕೊಂಡರು. 89 ವರ್ಷ.

ಅವರು ಹೋದಾಗಲೂ 55.42 ರಾಷ್ಟ್ರೀಯ ದಾಖಲೆಯಾಗಿಯೇ ಉಳಿದಿತ್ತು. ಸಿಂಥೆಟಿಕ್ ಟ್ರ್ಯಾಕ್‌ಗಳು ಬಂದವು, ವಿದೇಶಿ ಕೋಚ್‌ಗಳು ಬಂದರು, ಪಥ್ಯಾಹಾರ ಹೇಳಿಕೊಡುವವರು ಬಂದರು. ಗಂಜಿ ಉಂಡು ಓಡಿದ ಆ ಓಟ ಮಾತ್ರ ಕದಲಲಿಲ್ಲ. 2023ರ ಅಕ್ಟೋಬರ್ 2ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಹೀಟ್ಸ್‌ನಲ್ಲಿ ಕೊಯಮತ್ತೂರಿನ ವಿದ್ಯಾ ರಾಮರಾಜ್ ಹತ್ತೂ ಹರ್ಡಲ್ ದಾಟಿ ಗೆರೆ ಮುಟ್ಟಿದಾಗ ಗಡಿಯಾರ 55.42ಕ್ಕೆ ನಿಂತಿತು. ನೂರನೇ ಒಂದು ಭಾಗವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಮರುದಿನ ಫೈನಲ್‌ನಲ್ಲಿ ಅವರು ಮೂರನೆಯವರಾಗಿ ಬಂದರು. ಕೊರಳಿಗೆ ಕಂಚು ಬಿತ್ತು.